ಕಣ್ಣೊಳಗಿನ ಕಿಟಕಿ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ,

‘ಪ್ರೀತಿಯ’ ಎಂದು ಬರೆದು ಪೆನ್ನು ಕೆಳಗಿಟ್ಟೆ. ಹೊಡೆದುಹಾಕೋಣ ಎನಿಸಿತು. ನೀನು ಮನೆ ಬಿಟ್ಟು ಸ್ಟುಡಿಯೋ ಕೆಲಸಕ್ಕೆ ಹೋದ ಇಪ್ಪತ್ತು ವರ್ಷದಲ್ಲಿ ನಿನಗೆ ಬರೆದ ಪತ್ರಗಳೆಲ್ಲ ಹೀಗೇ ಶುರುವಾಗಿವೆ. ಕೈ ಬೇರೆ ಪದ ಬರೆಯಲು ಒಪ್ಪಲಿಲ್ಲ. ಇರಲಿ ಬಿಡು.

ಭಾನುವಾರ ಅಣ್ಣನ ಮನೆಯಿಂದ ಬಂದ ಮೇಲೆ ನೀನು ಏಳು ಸಲ ಫೋನ್ ಮಾಡಿದ್ದೀಯ. ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತಾಡಲು ನನಗೆ ಬರುವುದಿಲ್ಲ. ನಾನು ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ನೀನು ಮೂರು ಹೇಳಿ, ಅತ್ತು, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಿ ಫೋನ್ ಇಡುವ ಹಾಗಾಗುತ್ತದೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಕೊನೆಯವರೆಗೆ ಓದು. ಡೈರಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡು ಬರೆಯುತ್ತಿದ್ದೇನೆ, ಹಾಗಾಗಿ ಯಾವುದೂ ಹಿಂದುಮುಂದಾಗುವುದಿಲ್ಲ.

ನೀನು ಆ ಹಳೆಯ ಕ್ಯಾಮೆರಾ ತಂದುಕೊಟ್ಟಾಗ ಅಮ್ಮ ಇನ್ನೂ ಇದ್ದಳು. ‘ಸ್ಟುಡಿಯೋಗೆ ಹೊಸದು ತಗೊಂಡ್ರು, ಇದು ಮೂಲೇಲಿ ಬಿದ್ದಿತ್ತು, ಇಟ್ಕೋ ಅಕ್ಕಾ’ ಎಂದು ಕಪಾಟಿನ ಮೇಲಿಟ್ಟು ಹೋದೆ ನೀನು. ಅದಾದ ಹದಿನೆಂಟನೇ ದಿನಕ್ಕೆ ಅಮ್ಮ ಹೋದಳು. ಆಮೇಲಿನ ಒಂದು ತಿಂಗಳು ನಾನು ಏನು ಮಾಡಿದೆ ಎಂದು ಈಗ ಡೈರಿಯಲ್ಲಿ ನೋಡಿದರೆ ಎಲ್ಲ ಪುಟದಲ್ಲೂ ಒಂದೇ ಸಾಲಿದೆ. ‘ಅಂಗಡಿಗೆ ಹೋದೆ, ಬಂದೆ.’ ಆರು ವರ್ಷ ಲಕ್ವ ಹೊಡೆದ ಅಮ್ಮನನ್ನು ಎಬ್ಬಿಸಿ ಕೂರಿಸಿ, ಚಮಚದಲ್ಲಿ ತಿನ್ನಿಸಿ, ಸೊಟ್ಟಗಾದ ಬಾಯಿಯ ಮೂಲೆ ಒರೆಸಿ ಆಮೇಲೆ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೊರಡುತ್ತಿದ್ದವಳಿಗೆ, ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಹಲ್ಲುಜ್ಜಿ ಮತ್ತೆ ಮಲಗುತ್ತಿದ್ದೆ.

ಆಗ ನೀನು ಫೋನ್ ಮಾಡಿ ಬೈದೆ. ‘ಹೀಗೇ ಕೂತಿದ್ರೆ ನೀನೂ ಅಮ್ಮನ ಹಿಂದೇನೇ ಹೋಗ್ತೀಯ. ಕ್ಯಾಮೆರಾ ಕೆಳಗಿಳ್ಸು. ಮುಖದ ಫೋಟೋ ತೆಗೆಯೋದು ಕಲಿಸ್ತೀನಿ’ ಎಂದೆ. ಯಾರ ಮುಖ ಎಂದು ನಾನು ಕೇಳಿದ್ದಕ್ಕೆ, ‘ನಿಂದೇ. ಹೊತ್ತಾಯ್ತು ಅನ್ನಲ್ಲ, ಗಲ್ಲ ದಪ್ಪ ಬಂತು ಅಂತ ಜಗಳ ಆಡಲ್ಲ, ಕರೆದ ತಕ್ಷಣ ಬಂದು ಕೂರ್ತಾಳೆ. ಇಂಥ ಗಿರಾಕಿ ನಮ್ಮ ಸ್ಟುಡಿಯೋಗೆ ಒಬ್ರೂ ಬಂದಿಲ್ಲ ನೋಡು’ ಎಂದು ನಕ್ಕೆ ನೀನು. ನಾನೂ ನಕ್ಕೆ. ಅಮ್ಮ ಹೋದ ಮೇಲೆ ನಕ್ಕದ್ದು ಅದೇ ಮೊದಲು. ಅದೂ ಡೈರಿಯಲ್ಲಿದೆ, ಗುಬ್ಬಿ.

ಮೊದಲನೇ ಅಭ್ಯಾಸ ನಿನಗೆ ನೆನಪಿದೆಯೋ ಇಲ್ಲವೋ. ನೆಲ ಒರೆಸುವ ಕೋಲನ್ನು ಕುರ್ಚಿಗೆ ಕಟ್ಟಿ, ನನ್ನ ಕಣ್ಣಿನ ಎತ್ತರಕ್ಕೆ ಅದಕ್ಕೊಂದು ಕರ್ಚೀಫು ಸುತ್ತಿ, ಕರ್ಚೀಫಿಗೆ ಫೋಕಸ್ ಮಾಡಿ, ಟೈಮರ್ ಒತ್ತಿ, ಓಡಿ ಹೋಗಿ ಕೋಲು ಕಿತ್ತು ಆ ಜಾಗದಲ್ಲಿ ನಾನು ಕೂರಬೇಕು. ಇರುವುದು ಹತ್ತು ಸೆಕೆಂಡು. ಮೊದಲ ಇಪ್ಪತ್ತು ಫೋಟೋಗಳಲ್ಲಿ ನನ್ನ ಬೆನ್ನಿದೆ, ಮೊಣಕೈ ಇದೆ, ಒಂದರಲ್ಲಿ ಬರೀ ಕೋಲಿದೆ. ನೀನು ಅದನ್ನೇ ಆರಿಸಿ, ‘ಇದು ಫಸ್ಟ್ ಕ್ಲಾಸ್. ಗಿರಾಕಿ ಸ್ವಲ್ಪ ಸಣ್ಣ, ಆದ್ರೆ ಬಹಳ ಲಕ್ಷಣವಾಗಿದಾಳೆ’ ಎಂದು ಬರೆದು ಕಳಿಸಿದೆ. ನಾನು ಅಂಗಡಿಯಲ್ಲಿ ಒಬ್ಬಳೇ ನಗುತ್ತಿದ್ದೆ.

ಕಿಟಕಿಯ ಬೆಳಕು ಯಾವ ಹೊತ್ತಿಗೆ ಮೆತ್ತಗಾಗುತ್ತದೆ, ನೆರಳಿನ ಕಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿದರೆ ಕಪ್ಪು ಹೇಗೆ ಕರಗುತ್ತದೆ, ಎಲ್ಲ ಹೇಳಿಕೊಟ್ಟೆ. ರಜೆಯ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ನನ್ನ ಕೋಣೆಗೆ ಎಂಥ ಒಳ್ಳೆಯ ಬೆಳಕು ಬರುತ್ತದೆಂದು ನನಗೆ ಐವತ್ತೊಂದು ವಯಸ್ಸಾದ ಮೇಲೆ ಗೊತ್ತಾಯಿತು. ‘ಮೊದಲು ಕಣ್ಣು ನೋಡು ಅಕ್ಕಾ. ಕಣ್ಣಲ್ಲಿ ಬೆಳಕಿನ ಚುಕ್ಕಿ ಎಲ್ಲಿ ಕೂತಿದೆ ನೋಡು. ಆ ಫೋಟೋ ಎಲ್ಲಿ ತೆಗೆದಿದ್ದು, ಎದುರಿಗೆ ಏನಿತ್ತು, ಎಲ್ಲ ಅದ್ರಲ್ಲೇ ಇರುತ್ತೆ’ ಎಂದು ನೀನು ಹೇಳಿದ್ದನ್ನು ನಾನು ಅಡಿಗೆರೆ ಹಾಕಿ ಬರೆದುಕೊಂಡಿದ್ದೇನೆ.

ಆಮೇಲೆ ಎಡಿಟಿಂಗ್. ಮೊದಲ ಸಲ ನಾನು ನನ್ನ ಚರ್ಮವನ್ನು ತಿಕ್ಕಿ ತಿಕ್ಕಿ ಕಳಿಸಿದಾಗ, ‘ಇದು ಮುಖಾನಾ, ತೊಳೆದು ಬೋರಲು ಹಾಕಿದ ತಟ್ಟೇನಾ?’ ಎಂದು ಕೇಳಿದೆ. ನಂತರ ಒಂದು ನಿಯಮ ಹೇಳಿದೆ. ವಾರದಲ್ಲಿ ಹೋಗುವಂಥದ್ದನ್ನು ತೆಗೆಯಬಹುದು, ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಕಣ್ಣಿನ ಕೆಳಗಿನ ಆಯಾಸ. ಜನ್ಮಕ್ಕೂ ಹೋಗದಂಥದ್ದನ್ನು ಮುಟ್ಟಬಾರದು, ಮಚ್ಚೆ, ಗಾಯದ ಕಲೆ, ವಯಸ್ಸು. ಮುಟ್ಟಿದರೆ ಅದು ಬೇರೆ ಮನುಷ್ಯರ ಫೋಟೋ ಆಗುತ್ತದೆ ಎಂದೆ. ನನ್ನ ಎಡ ಹುಬ್ಬಿನ ಕಲೆಯನ್ನು ನಾನು ಅಳಿಸಿ ಕಳಿಸಿದ್ದಕ್ಕೆ ಮತ್ತೆ ತರಿಸಿ ಹಾಕಿಸಿದವಳು ನೀನೇ. ‘ಅದು ನನ್ನ ಕಲೆ ಕಣೇ. ನನ್ನನ್ನ ಎತ್ಕೊಂಡು ಮೆಟ್ಟಿಲಿಂದ ಬಿದ್ದಿದ್ದು ನೀನು, ನನ್ನ ಕೇಳದೆ ಹೇಗೆ ಅಳಿಸ್ತೀಯ?’ ಎಂದೆ. ಆ ಮಾತನ್ನು ಸಂತೋಷಕ್ಕೆ ಇನ್ನೊಂದು ಸಲ ಓದಿದೆ.

ಅಂಗಡಿಯಲ್ಲಿ ಕಟಿಂಗ್ ಮಾಸ್ಟರಿಗೂ ಒಂದು ಫೋಟೋ ತೋರಿಸಿದೆ. ಇಪ್ಪತ್ತೆರಡು ವರ್ಷದಿಂದ ಅವರ ಪಕ್ಕದ ಮೇಜಿನಲ್ಲಿ ಕೂತು ಬೇರೆಯವರ ಬಟ್ಟೆ ಬಿಚ್ಚಿ ಹೊಲಿಯುತ್ತಿದ್ದೇನೆ, ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು. ಕನ್ನಡಕ ಹಣೆಗೇರಿಸಿ, ‘ಬಟ್ಟೆ ಆಲ್ಟರ್ ಮಾಡ್ತಾ ಮಾಡ್ತಾ ಈಗ ಮುಖಕ್ಕೂ ಕೈ ಹಾಕಿದ್ರಾ ತಾಯಿ? ನಂದೂ ಒಂದಿಂಚು ಹಿಡಿದು ಹೊಲಿದುಬಿಡಿ, ಗಲ್ಲ ಜೋತು ಬಿದ್ದಿದೆ’ ಎಂದರು. ಹಿಂದಕ್ಕೆ ಕೊಟ್ಟವರು ಮತ್ತೆ ಕೈ ಚಾಚಿ ಇಸಿದುಕೊಂಡು ನೋಡಿ, ‘ಚೆನ್ನಾಗಿದೆ. ಯಾರಿಗೋ ಕಾಯ್ತಾ ಕೂತ ಹಾಗಿದೀರಿ’ ಎಂದರು.

ಇಪ್ಪತ್ತನೇ ಅಭ್ಯಾಸದಿಂದ ನಿನ್ನ ಪಾಠ ಬದಲಾಯಿತು. ಈಗ ಪುಟ ತಿರುವಿದರೆ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಆಗ ಕಾಣಲಿಲ್ಲ. ಕೂದಲು ಹಿಂದಕ್ಕೆ ಬಾಚಿ ಕಿವಿ ಪೂರ್ತಿ ಕಾಣಿಸು ಎಂದೆ. ಬಾಚಿದೆ. ಇಪ್ಪತ್ತಮೂರನೆಯದಕ್ಕೆ ಅಮ್ಮನ ಬೂದು ಶಾಲು ಹೊದ್ದುಕೋ ಎಂದೆ. ಅಮ್ಮನದ್ದೇ ಯಾಕೆ ಎಂದು ನಾನು ಕೇಳಿದೆ, ಬರೆದಿಟ್ಟಿದ್ದೇನೆ. ‘ಬೂದು ಬಣ್ಣ ಅಂದ್ರೆ ತಕ್ಕಡಿ ಇದ್ದ ಹಾಗೆ. ಬೂದು ಸರಿಯಾಗಿ ಬಂದ್ರೆ ಮುಖದ ಬಣ್ಣವೂ ಸರಿ ಬಂತು ಅಂತ ಲೆಕ್ಕ’ ಎಂದೆ. ಅದು ನಿಜವಂತೆ. ನಿನ್ನೆ ಇಲ್ಲಿನ ಸ್ಟುಡಿಯೋದವನನ್ನು ಕೇಳಿದೆ, ಅವನೂ ಹಾಗೇ ಹೇಳಿದ. ಬರೀ ಸುಳ್ಳು ಹೇಳಿದ್ದರೆ ನಾನು ಎಲ್ಲಾದರೂ ಹಿಡಿಯುತ್ತಿದ್ದೆನೇನೋ. ನೀನು ನಿಜವನ್ನೇ ಹೇಳಿ ಮೋಸ ಮಾಡಿದೆ.

ಶಾಲು ಹೊದ್ದಾಗ ಅದರಲ್ಲಿನ್ನೂ ಅಮ್ಮನ ಮುಲಾಮಿನ ವಾಸನೆ ಇತ್ತು. ಆ ಬೆಳಿಗ್ಗೆ ನಾಲ್ಕೇ ಫೋಟೋ ತೆಗೆಯಲಾಯಿತು. ಕಣ್ಣು ಕೆಂಪಗಿವೆ, ಇನ್ನೊಂದು ದಿನ ತೆಗಿ ಎಂದು ನೀನು ಬರೆದೆ.

ಇಪ್ಪತ್ತೇಳನೆಯದಕ್ಕೆ ಗಲ್ಲ ತುಸು ಎತ್ತಿ ಕ್ಯಾಮೆರಾದ ಮೇಲಕ್ಕೆ ನೋಡಬೇಕಿತ್ತು, ಬಾಗಿಲಲ್ಲಿ ಯಾರೋ ಬಂದ ಹಾಗೆ. ಇಪ್ಪತ್ತೊಂಬತ್ತು ಬರೀ ಬಾಯಿ. ಏನೋ ಹೇಳಲು ಹೊರಟು ಬೇಡ ಅಂದುಕೊಂಡವರ ಬಾಯಿ ಬೇಕು ಎಂದೆ. ಅದಕ್ಕೆ ನನಗೆ ಐದು ವಾರ ಹಿಡಿಯಿತು. ಮೂವತ್ತೊಂದರಲ್ಲಿ ಎಲ್ಲ ಒಟ್ಟಿಗೆ. ಅವತ್ತು ಸಂಜೆ ನಿನ್ನಿಂದ ಬಂದದ್ದು ಮೂರೇ ಪದ, ‘ಇದೇ ಅಕ್ಕಾ. ಇದೇ.’ ಮೂರು ದಿನ ನನ್ನ ಕಾಲು ನೆಲಕ್ಕೆ ತಾಕಲಿಲ್ಲ. ಆಮೇಲೆ ನೀನು ಪಾಠ ಕಳಿಸುವುದನ್ನು ನಿಲ್ಲಿಸಿದೆ. ಕೆಲಸ ಜಾಸ್ತಿ ಎಂದೆ. ನಾನು ಪಾಸಾದೆ ಅಂದುಕೊಂಡೆ.

ಇನ್ನು ಭಾನುವಾರದ ಮಾತು. ಅಮ್ಮ ಹೋಗಿ ವರ್ಷವಾಯಿತು, ಎಲ್ಲರೂ ಊಟಕ್ಕೆ ಬನ್ನಿ ಎಂದು ಅಣ್ಣ ಕರೆದಾಗಲೇ ನನಗೆ ಆಶ್ಚರ್ಯವಾಗಿತ್ತು. ಕೊನೆಯ ನಾಲ್ಕು ವರ್ಷ ಒಂದು ಸಲವೂ ಬಂದು ಅಮ್ಮನನ್ನು ನೋಡಿದವನಲ್ಲ. ‘ಆ ಬಾಯಿ ನನ್ನ ಕೈಲಿ ನೋಡಕ್ಕಾಗಲ್ಲ’ ಎಂದಿದ್ದ. ಅದಕ್ಕೇ ಅಲ್ಲವೇ ನೀನು ಅವನ ಜೊತೆ ಜಗಳವಾಡಿ, ಇಬ್ಬರೂ ಮಾತು ಬಿಟ್ಟಿದ್ದು? ಅವನ ಮನೆಯ ಬಾಗಿಲಲ್ಲಿ ನೀನೇ ಸೆರಗು ಸಿಕ್ಕಿಸಿಕೊಂಡು ಎಲ್ಲರನ್ನೂ ಒಳಗೆ ಕರೆಯುತ್ತಿದ್ದುದನ್ನು ನೋಡಿ, ಪರವಾಗಿಲ್ಲ, ಮತ್ತೆ ಒಂದಾದರಲ್ಲ ಎಂದು ನನ್ನ ಮನಸ್ಸು ತುಂಬಿತು. ನಿಜವಾಗಿ.

ಒಳಗೆ ಬಂದರೆ ನಡುಮನೆಯ ಗೋಡೆಯ ಮೇಲೆ ಅಮ್ಮ. ಬಾಗಿಲಷ್ಟು ಅಗಲದ ಚೌಕಟ್ಟು, ಹಳೆಯ ಕಂದು ಬಣ್ಣ. ಮೊದಲು ನಾನೂ ನಂಬಿದೆ, ಅದನ್ನು ನಿನಗೆ ಹೇಳಲೇಬೇಕು. ನಿಂತಲ್ಲೇ ಬಾಯಿಗೆ ‘ಅಮ್ಮಾ’ ಎಂದು ಬಂತು. ಬಾಯಿ ಸೊಟ್ಟಗಾಗುವ ಮುಂಚಿನ ಅಮ್ಮ, ನನ್ನ ವಯಸ್ಸಿನವಳು. ‘ಹಳೇ ಸ್ಟುಡಿಯೋ ಒಂದು ಮುಚ್ಚುವಾಗ ನೆಗೆಟಿವ್ ಸಿಕ್ತಂತೆ, ಗುಬ್ಬಿಯೇ ಹುಡುಕಿದ್ದು’ ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಚಿಕ್ಕಮ್ಮ ತಮ್ಮ ಅಕ್ಕನ ಆ ಫೋಟೋದ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಅಣ್ಣನ ಮನೆಯಲ್ಲೇ ಇರುವುದರಿಂದ ದಿನವೂ ಅಲ್ಲೇ ಕೂರುತ್ತಾರಂತೆ. ನನ್ನ ಕೈ ಹಿಡಿದೆಳೆದು, ‘ನೋಡೇ, ಅಕ್ಕ ನನ್ನನ್ನೇ ನೋಡ್ತಿದ್ದಾಳೆ. ಈಗ ಬೈತಾಳೆ ನೋಡು, ಬಾಯಿ ತೆಗೀತಾ ಇದ್ದಾಳೆ’ ಎಂದು ಅತ್ತು ನಕ್ಕರು.

ಆ ಬಾಯಿ. ಐದು ವಾರ ಕಲಿತ ಬಾಯಿ.

ನಾನು ಹತ್ತಿರ ಹೋದೆ. ನೀನು ಕಲಿಸಿದ ಹಾಗೆ ಮೊದಲು ಕಣ್ಣು ನೋಡಿದೆ. ಕಣ್ಣಿನ ಕಪ್ಪಿನಲ್ಲಿ ಸಣ್ಣದೊಂದು ಬೆಳಕಿನ ಚೌಕ, ಅದರ ಕೆಳಗಿನ ಒಂದು ಮೂಲೆ ಮಾತ್ರ ಕಪ್ಪು. ನನ್ನ ಕೋಣೆಯ ಕಿಟಕಿಯಲ್ಲಿ ಗಾಜು ಒಡೆದ ಕಡೆ ಶರ್ಟಿನ ಡಬ್ಬದ ರಟ್ಟು ಅಂಟಿಸಿದವಳು ನಾನು. ಪಕ್ಕದಲ್ಲಿ ಬೆಳ್ಳಗೆ ಒಂದು ಗೆರೆ, ಅದು ಬೆಡ್‌ಶೀಟು. ಈ ಬಾಡಿಗೆ ಮನೆಗೆ ಬರುವ ಹೊತ್ತಿಗೆ ಅಮ್ಮನ ಬಾಯಿ ಆಗಲೇ ಸೊಟ್ಟಗಾಗಿತ್ತು. ಹುಬ್ಬು ನೋಡಿದೆ. ಕಲೆ ಇರಲಿಲ್ಲ. ಅಲ್ಲಿ ಎಷ್ಟು ನಯವಾಗಿ ಕೂದಲು ಬರೆದಿದ್ದೀಯ, ಗುಬ್ಬಿ. ಒಂದೊಂದು ಕೂದಲೂ ಬೇರೆ ಬೇರೆ.

ಅಷ್ಟರಲ್ಲಿ ಅತ್ತಿಗೆ ಫೋನ್ ಹಿಡಿದುಕೊಂಡು ಬಂದು, ‘ಸ್ವಲ್ಪ ಪಕ್ಕದಲ್ಲಿ ನಿಂತ್ಕೊಳ್ಳಿ ನೋಡೋಣ. ಅಯ್ಯಯ್ಯೋ, ಅತ್ತೇನ ಅಚ್ಚು ಒತ್ತಿದ ಹಾಗಿದೀರಲ್ಲ! ಇಷ್ಟು ದಿನ ಗೊತ್ತೇ ಆಗಿರ್ಲಿಲ್ಲ’ ಎಂದರು. ನನ್ನ ಮುಖದ ಪಕ್ಕ ನನ್ನನ್ನೇ ನಿಲ್ಲಿಸಿ ಫೋಟೋ ತೆಗೆದರು. ನಗಿ ಎಂದರು. ನಕ್ಕೆ.

ಅಡುಗೆಮನೆಯಲ್ಲಿ ನೀನು ನನ್ನ ಮುಖ ನೋಡಿದ ಕೂಡಲೇ ನಿನಗೆ ತಿಳಿಯಿತು. ನಾನಿನ್ನೂ ಏನೂ ಕೇಳಿರಲಿಲ್ಲ. ‘ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತು ಬೇಡ. ಚಿಕ್ಕಮ್ಮನ್ನ ನೋಡು. ಅಣ್ಣ ಎಷ್ಟೋ ವರ್ಷದ ಮೇಲೆ ನನ್ನ ಹತ್ರ ಮಾತಾಡ್ತಿದಾನೆ’ ಎಂದೆ. ‘ಅಮ್ಮ ಒಬ್ಳೇ ಇರೋ ಫೋಟೋ ಒಂದೂ ಇಲ್ಲ ಅಂತ ಅಣ್ಣನಿಗೆ ನೀನೇ ಅಲ್ವಾ ಹೇಳಿದ್ದು? ಗುಂಪಿನ ಫೋಟೋದಲ್ಲಿ ಕಡಲೆಕಾಳಷ್ಟು ಮುಖ ಇಟ್ಕೊಂಡು ನಾನೇನು ಮಾಡ್ಲಿ?’ ಎಂದೂ ಕೇಳಿದೆ. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದಷ್ಟೇ ಅಂದೆ. ನೀನು ಲೋಟಗಳನ್ನು ಒರೆಸುತ್ತಾ, ‘ಕೇಳಿದ್ರೆ ನೀನು ಅಮ್ಮನ ಹಾಗೆ ಕೂರೋಕೆ ಹೋಗ್ತಿದ್ದೆ, ಮುಖದಲ್ಲಿ ನಾಟಕ ಬಂದುಬಿಡ್ತಿತ್ತು. ನೀನು ನಿನ್ನ ಪಾಡಿಗೆ ಕೂತಿದ್ದಕ್ಕೇ ಅಮ್ಮ ಬಂದಿದ್ದು’ ಎಂದೆ.

ನಿನ್ನ ಕಸುಬಿನ ಮಾತು ಅದು. ಸರಿಯಾದ ಮಾತೇ. ಅದಕ್ಕೇ ಹೆಚ್ಚು ಉರಿಯಿತು.

ಆಮೇಲೆ ನಾನು ಅದೇ ನಡುಮನೆಯಲ್ಲಿ ಕೂತು ಊಟ ಮಾಡಿದೆ. ಎಲ್ಲರಿಗೂ ನೀರು ಕೊಟ್ಟೆ. ಯಾರೋ ಹಿರಿಯರು ಅಮ್ಮನಿಗೆ ಕೊನೆಗೆ ತುಂಬಾ ಕಷ್ಟವಾಯಿತೇ ಎಂದು ಕೇಳಿದಾಗ ಅಣ್ಣ ಫೋಟೋ ಕಡೆ ಕೈ ತೋರಿಸಿ, ‘ಇಲ್ಲ ಇಲ್ಲ, ಕೊನೇವರೆಗೂ ಹೀಗೇ ಇದ್ಲು ನಮ್ಮಮ್ಮ’ ಎಂದ. ಅವನು ಸುಳ್ಳು ಹೇಳಿದ ಎಂದು ನನಗೆ ಅನಿಸಲಿಲ್ಲ. ನಂಬಿಯೇ ಹೇಳಿದ. ಇನ್ನೆರಡು ವರ್ಷಕ್ಕೆ ಎಲ್ಲರೂ ನಂಬುತ್ತಾರೆ. ಹಾಗಾದರೆ ಆ ಆರು ವರ್ಷ ನಾನು ಯಾರ ಬಾಯಿ ಒರೆಸುತ್ತಿದ್ದೆ? ಒಂದು ತುತ್ತು ನುಂಗಲು ಹತ್ತು ನಿಮಿಷ ತೆಗೆದುಕೊಂಡು, ನುಂಗಿದ ಮೇಲೆ ಗೆದ್ದವಳ ಹಾಗೆ ನನ್ನ ಕಡೆ ನೋಡುತ್ತಿದ್ದವಳು ಯಾರು? ಆ ಗೋಡೆಯ ಮೇಲೆ ಅವಳಿಗೆ ಜಾಗವಿಲ್ಲ. ಅಲ್ಲಿ ನಾನು ಕೂತಿದ್ದೇನೆ.

ಅದಕ್ಕಿಂತ ಚಿಕ್ಕದು ಇನ್ನೊಂದಿದೆ. ಚಿಕ್ಕದಾದರೂ ಅದೇ ಹೆಚ್ಚು ಚುಚ್ಚುತ್ತದೆ, ಏನು ಮಾಡಲಿ. ನಾನು ಕಲಿಯುತ್ತಿದ್ದೇನೆ ಅಂದುಕೊಂಡಿದ್ದೆ. ಬೆಳಕು ನೋಡಲು ಬಂತು, ಮುಖ ನೋಡಲು ಬಂತು ಎಂದು. ಹಾಳಾದ ಆ ವರ್ಷದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಈಗ ನೀನು ‘ಚೆನ್ನಾಗಿದೆ’ ಎಂದದ್ದು ಯಾವುದು ನನಗೆ, ಯಾವುದು ನಿನ್ನ ಕೆಲಸಕ್ಕೆ ಎಂದು ಡೈರಿಯಲ್ಲಿ ಒಂದೊಂದೇ ಸಾಲು ಹುಡುಕುತ್ತಾ ಕೂತಿದ್ದೇನೆ. ಹತ್ತೊಂಬತ್ತರವರೆಗೆ ನನ್ನವು ಇರಬೇಕು. ಆ ಕೋಲಿನ ಫೋಟೋ ಅಂತೂ ನನ್ನದೇ.

ಈಗ ಕೇಳು. ಬರುವ ಭಾನುವಾರದೊಳಗೆ ನೀನೇ ಅಣ್ಣನಿಗೆ, ಚಿಕ್ಕಮ್ಮನಿಗೆ ನಿಜ ಹೇಳು. ಅಣ್ಣ ಮತ್ತೆ ಮಾತು ಬಿಡಬಹುದು. ಚಿಕ್ಕಮ್ಮ ಅಳುತ್ತಾರೆ. ಆದರೂ ಹೇಳು. ನನ್ನನ್ನು ಆ ಗೋಡೆಯಿಂದ ಇಳಿಸು. ನಾನಿನ್ನೂ ಬದುಕಿದ್ದೇನೆ.

ಕ್ಯಾಮೆರಾ ಹಿಂದಕ್ಕೆ ಕಳಿಸುತ್ತೇನೆ ಅಂದುಕೊಳ್ಳಬೇಡ. ಅದು ನನ್ನ ಹತ್ತಿರವೇ ಇರುತ್ತದೆ. ಇವತ್ತು ಎದ್ದು ಮೂವತ್ತೆರಡನೆಯದನ್ನು ನಾನೇ ಹಾಕಿಕೊಂಡೆ. ಕೂದಲು ಕೆದರಿದೆ, ಶಾಲಿಲ್ಲ, ಹುಬ್ಬಿನ ಮೇಲೆ ನೇರ ಬೆಳಕು ಬಿದ್ದಿದೆ. ಚೆನ್ನಾಗಿ ಬಂದಿದೆಯೋ ಇಲ್ಲವೋ, ನಿನಗೆ ಕಳಿಸಿ ಕೇಳುವುದಿಲ್ಲ.

ಊಟ ತಿಂಡಿ ಸರಿಯಾಗಿ ಮಾಡು. ಕೋಪದಲ್ಲಿ ಬರೆದ ಪತ್ರದಲ್ಲೂ ಇದನ್ನು ಬರೆಯದೆ ಮುಗಿಸಲು ನನಗೆ ಬರುವುದಿಲ್ಲ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಸಹಿ ಮಾಡಿದ ಮೇಲೆ ಬರೆಯುತ್ತಿರುವುದು: ಅಮ್ಮನ ಫೋಟೋ ಒಂದೂ ಇಲ್ಲ ಎಂದು ನಾನು ಅಣ್ಣನಿಗೆ ಹೇಳಿದ್ದು ಸುಳ್ಳು. ಒಂದಿದೆ. ನೀನು ಕ್ಯಾಮೆರಾ ಇಟ್ಟು ಹೋದ ವಾರ ಅಮ್ಮನೇ ಕಪಾಟಿನ ಕಡೆ ಕೈ ತೋರಿಸಿ, ತೊದಲುತ್ತಾ, ‘ನಂದೊಂದು ತೆಗಿಯೇ. ನನ್ನ ಮುಖ ನೋಡಿ ಅದೇನೂ ಒಡೆದುಹೋಗಲ್ಲ’ ಎಂದಳು. ಯಾವ ಗುಂಡಿ ಒತ್ತಿದೆನೋ, ಫೋಟೋ ವಾರೆಯಾಗಿದೆ. ಅಮ್ಮ ನಗುತ್ತಿದ್ದಾಳೆ, ಬಾಯಿ ಪೂರ್ತಿ ಒಂದು ಕಡೆಗೆ ಹೋಗಿದೆ. ಅದನ್ನು ಅಣ್ಣನಿಗೆ ಕೊಟ್ಟರೆ ಯಾರ ಕೈಯಲ್ಲಾದರೂ ಬಾಯಿ ನೇರ ಮಾಡಿಸುತ್ತಾನೆ ಎಂದು ಬಚ್ಚಿಟ್ಟೆ. ಆದರೆ ಎಡಿಟಿಂಗ್ ಕಲಿತ ಮೇಲೆ ಒಂದು ಬೆಳಿಗ್ಗೆ ನಾನೇ ನೇರ ಮಾಡಿ ನೋಡಿದೆ, ಗುಬ್ಬಿ. ಬಾಯಿ ನೇರವಾಯಿತು, ಅಮ್ಮ ಹೋದಳು, ಅಲ್ಲಿ ನಾನು ಕೂತಿದ್ದೆ. ಸೇವ್ ಮಾಡದೆ ಮುಚ್ಚಿದೆ.

ನಿನ್ನೆ ಆ ಫೋಟೋವನ್ನೂ ನನ್ನ ಮೂವತ್ತೊಂದನೆಯದನ್ನೂ ಇದ್ದದ್ದು ಇದ್ದ ಹಾಗೆ ಪ್ರಿಂಟ್ ಹಾಕಿಸಿ, ಯಾರು ಯಾವುದರಲ್ಲಿದ್ದಾರೆಂದು ಹಿಂದೆ ಬರೆದು, ಚಿಕ್ಕಮ್ಮನ ಹೆಸರಿಗೆ ಅಂಚೆಗೆ ಹಾಕಿ ಬಂದೆ. ಈ ಪತ್ರ ನಿನ್ನ ಕೈಗೆ ಬರುವ ಹೊತ್ತಿಗೆ ಅವರು ಅದನ್ನು ಬಿಚ್ಚಿರುತ್ತಾರೆ. ಮೇಲೆ ಭಾನುವಾರದವರೆಗೆ ಎಂದು ಬರೆದೆನಲ್ಲ, ಅಷ್ಟು ಸಮಯ ನಿನಗಿಲ್ಲ. ಕಳಿಸುವ ಮುಂಚೆ ನಾನೂ ನಿನ್ನನ್ನು ಕೇಳಲಿಲ್ಲ.